ಬ್ಯಾಡಗಿಯಲ್ಲಿ ಗುಂಟೂರು, ಗುಂಟೂರಿನಲ್ಲಿ ಬ್ಯಾಡಗಿ

ಬ್ಯಾಡಗಿ ಎಪಿಎಂಸಿಯ ಮೆಣಸಿನಕಾಯಿ ದರಪಟ್ಟಿಯಲ್ಲಿ ಮೂರು ಸಾಲು: ಕಡ್ಡಿ, ಡಬ್ಬಿ, ಗುಂಟೂರು. ಆಂಧ್ರದ ಗುಂಟೂರು ಯಾರ್ಡಿನ ಪಟ್ಟಿ ತೆಗೆದು ನೋಡಿದರೆ ಅಲ್ಲಿ ತೇಜಾ, 334, 341 ಇವುಗಳ ಜೊತೆಗೆ ‘355 ಬ್ಯಾಡಗಿ’, ‘ಸಿಂಜೆಂಟಾ ಬ್ಯಾಡಗಿ’ ಎಂಬ ಸಾಲುಗಳು. ಅಂದರೆ ಬ್ಯಾಡಗಿಯಲ್ಲಿ ಗುಂಟೂರು ಮಾರುತ್ತಾರೆ, ಗುಂಟೂರಿನಲ್ಲಿ ಬ್ಯಾಡಗಿ ಮಾರುತ್ತಾರೆ. ಇದೇನು ಬೀಗರ ಮನೆಗೆ ಬುತ್ತಿ ಕಳಿಸುವ ಲೆಕ್ಕವೋ, ವ್ಯಾಪಾರದ ಲೆಕ್ಕವೋ? ಈ ಟಿಪ್ಪಣಿಗಳೆಲ್ಲ ಇದೊಂದನ್ನು ಬಿಡಿಸಿಕೊಳ್ಳಲು ಹೊರಟು ಬರೆದವು.

*

ಹೆದ್ದಾರಿ ಬಿಟ್ಟು ಮೋಟೆಬೆನ್ನೂರಿನಿಂದ ಬ್ಯಾಡಗಿ ಕಡೆ ಹೊರಳಿದ ಮೇಲೆ ಎಡಬಲ ನೋಡುತ್ತಲೇ ಹೋದೆ. ಗೋವಿನಜೋಳ. ಮತ್ತೆ ಗೋವಿನಜೋಳ. ನಡುವೆ ಹತ್ತಿ. ಕೊಳವೆಬಾವಿಯಲ್ಲಿ ನೀರು ಬಿದ್ದವರ ಹೊಲದಲ್ಲಿ ಮೊಳಕಾಲೆತ್ತರದ ಅಡಿಕೆ ಸಸಿ. ತಾಲ್ಲೂಕಿನ ಪಶ್ಚಿಮದ ಅಂಚು ಹಾನಗಲ್ಲಿನ ಅರೆಮಲೆನಾಡಿಗೆ ತಾಗುತ್ತದೆ. ಅತ್ತ ಹೋದರೆ ಭತ್ತವೂ ಸಿಗುತ್ತದೆ. ಮೆಣಸಿನಗಿಡವನ್ನು ಮಾತ್ರ ಹುಡುಕಿಯೇ ನೋಡಬೇಕು. ದೇಶದ ಅಡುಗೆಮನೆಗಳೆಲ್ಲ ಹೆಸರು ಹಿಡಿದು ಕೇಳುವ ಕಾಯಿಯ ಊರಿಗೆ ಹೋಗುವ ದಾರಿಯಿದು.

ಹೊಲದ ಬದುವಿನ ಮೇಲೆ ಕೂತಿದ್ದ ಯಜಮಾನರನ್ನು ಕೇಳಿದೆ. “ನಮ್ಮಪ್ಪನ ಕಾಲಕ್ಕ ಹಾಕ್ತಿದ್ರರೀ. ಮುರುಟು ರೋಗ ಬಂತು, ಕೈ ಬಿಟ್ವಿ. ಗೋವಿನಜ್ವಾಳಕ್ಕ ಇಷ್ಟು ಕಾಟ ಇಲ್ಲ ನೋಡ್ರಿ. ಬಿತ್ತಿದ್ವಿ, ಗೊಬ್ಬರ ಹಾಕಿದ್ವಿ, ಮುರದ್ವಿ, ಮುಗೀತು.” ಥ್ರಿಪ್ಸ್ ನುಸಿ, ಮೈಟ್ ನುಸಿ ಎಲೆಯ ರಸ ಹೀರಿದಾಗ ಎಲೆ ಮೇಲಕ್ಕೋ ಕೆಳಕ್ಕೋ ಮುದುಡಿಕೊಳ್ಳುತ್ತದೆ, ಗಿಡ ಕುಳ್ಳಾಗುತ್ತದೆ, ಹೂವು ನಿಲ್ಲುವುದಿಲ್ಲ. ಔಷಧಿ ಹೊಡೆದಷ್ಟೂ ಸಾಲದು.

ಹಾಗಾದರೆ ಈ ಕೆಂಪು ಬರುವುದು ಎಲ್ಲಿಂದ? ಕುಂದಗೋಳ, ಅಣ್ಣಿಗೇರಿ, ನವಲಗುಂದ, ಗದಗ, ರೋಣದ ಎರೆ ಹೊಲಗಳಿಂದ. ಅಲ್ಲಿ ಮಳೆ ನಂಬಿ ಉಳ್ಳಾಗಡ್ಡಿ, ಹತ್ತಿ, ಮೆಣಸಿನಗಿಡ ಮೂರನ್ನೂ ಒಂದೇ ಹೊಲದಲ್ಲಿ ಕೂಡಿಸಿ ಬೆಳೆಯುವ ಹಳೆಯ ಪದ್ಧತಿ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಲಿ ಎಂಬ ಎಣಿಕೆ. ಬಳ್ಳಾರಿ, ರಾಯಚೂರು ಕಡೆಯಿಂದ, ಗಡಿಯಾಚೆಯ ಆಂಧ್ರದಿಂದಲೂ ಲಾರಿ ಬರುತ್ತವೆ. ಅಲ್ಲಿ ಕಾಲುವೆ ನೀರು, ಪಾಕೀಟು ಬೀಜ, ಎಕರೆಗೆ ಇಳುವರಿಯೂ ಹೆಚ್ಚು.

ಬ್ಯಾಡಗಿ ತಾಲ್ಲೂಕು ಬ್ಯಾಡಗಿ ಮೆಣಸಿನಕಾಯಿಗೆ ಈಗ ಕೊಡುತ್ತಿರುವುದು ಹೆಚ್ಚಾಗಿ ಒಂದು ಅಂಗಳ, ಒಂದು ಹೆಸರು.

*

ಸೋಮವಾರ, ಗುರುವಾರ ಪೇಟೆ. ಸುಗ್ಗಿ ಅಂದರೆ ಜನವರಿಯಿಂದ ಮಾರ್ಚ್. ಊರು ಕಣ್ಣಿಗೆ ಬೀಳುವ ಮೊದಲೇ ಘಾಟು ಮೂಗಿಗೆ ಬೀಳುತ್ತದೆ. ಹೊಸಬರು ಯಾರು, ಇಲ್ಲಿಯವರು ಯಾರು ಎಂದು ಸೀನಿನ ಮೇಲೆಯೇ ಗೊತ್ತಾಗಿಬಿಡುತ್ತದೆ. ಹಮಾಲರು ಮೂಗಿಗೆ ಟವೆಲ್ ಕಟ್ಟಿಕೊಂಡಿರುತ್ತಾರೆ, ಆದರೆ ಕಟ್ಟಿಕೊಳ್ಳದವರೇ ಹೆಚ್ಚು. ದಲಾಲಿ ಅಂಗಡಿಯ ಮುನೀಮರಂತೂ ಅದೇ ಗಾಳಿಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು.

ಬೆಳಿಗ್ಗೆ ಅಂಗಡಿಗಳ ಮುಂದೆ ಚೀಲಗಳ ಸಾಲು. ಪ್ರತಿ ರೈತನ ಮಾಲು ಒಂದು ಲಾಟ್. ಬಾಯಿ ಬಿಚ್ಚಿದ ಚೀಲ, ಅದರ ಮೇಲೆ ನಂಬರಿನ ಚೀಟಿ. ಖರೀದಿದಾರರು ಸಾಲು ಹಿಡಿದು ನಡೆಯುತ್ತಾರೆ. ಅವರಲ್ಲೊಬ್ಬರ ಹಿಂದೆ ಬಿದ್ದು ನೋಡಿದೆ. ಮೇಲಿನ ಕಾಯಿ ಮುಟ್ಟಲೇ ಇಲ್ಲ. ಮೊಳಕೈವರೆಗೆ ತೋಳನ್ನು ಚೀಲದೊಳಗೆ ಇಳಿಸಿ ಅಡಿಯಿಂದ ಒಂದು ಹಿಡಿ ತೆಗೆದರು. ಮುಷ್ಟಿ ಬಿಗಿದು ಕಿವಿಯ ಹತ್ತಿರ ತಂದು ಬಿಟ್ಟರು. ಸರಸರ ಅಂದರೆ ಒಣಗಿದೆ, ಸದ್ದಿಲ್ಲದೆ ಬಗ್ಗಿದರೆ ಹಸಿ. ಆಮೇಲೆ ಒಂದು ಕಾಯಿ ಮುರಿದು ಬೀಜ ಉದುರಿಸಿ, ಒಳಸಿಪ್ಪೆಯನ್ನು ಅಂಗೈ ಮೇಲೆ ಉಜ್ಜಿದರು. ಅಂಗೈಯ ಗೆರೆಗಳಲ್ಲಿ ಕೆಂಪು ನಿಂತಿತು. ಜೇಬಿನ ಚೀಟಿಯಲ್ಲಿ ಅಂಕಿ ಗೀಚಿ ಮುಂದಿನ ಚೀಲ. ಇಡೀ ಪರೀಕ್ಷೆಗೆ ಹಿಡಿದದ್ದು ಒಂದು ಸೀನು ಬಂದು ಹೋಗುವಷ್ಟು ಹೊತ್ತು. ವರ್ಷದ ದುಡಿಮೆಗೆ ಇಷ್ಟೇ ಹೊತ್ತೇ ಎಂದು ಪಕ್ಕದಲ್ಲಿ ನಿಂತ ರೈತನ ಮುಖ ನೋಡಿದರೆ, ಆತ ಆ ಕಡೆ ನೋಡುತ್ತಲೇ ಇರಲಿಲ್ಲ.

ಡಬ್ಬಿ ದಪ್ಪ, ಗಿಡ್ಡ. ಒಳಗೆ ಬೀಜ ಹೆಚ್ಚು. ಕಡ್ಡಿ ಉದ್ದ, ತೆಳ್ಳಗೆ. ಎರಡರ ಮೈಯೂ ಸುಕ್ಕುಸುಕ್ಕು. ಗುಂಟೂರಿನ ತಳಿಗಳ ಸಿಪ್ಪೆ ನುಣುಪು. ಇಷ್ಟು ಕಲಿತೆ ಎಂದು ಬೀಗಿಕೊಂಡು ಒಂದು ಚೀಲ ತೋರಿಸಿ “ಇದು ಕಡ್ಡಿ ಅಲ್ಲೇನ್ರೀ?” ಎಂದೆ. ಮುನೀಮರು ನಕ್ಕರು: “ಮೈ ಕಡ್ಡೀದರೀ, ಜಾತಿ ಗುಂಟೂರಿಂದು.” ಸುಕ್ಕೂ ಬರುವಂಥ ಹೈಬ್ರಿಡ್ ಬೀಜಗಳು ಬಂದು ಈಗ ಸಾಕಷ್ಟು ವರ್ಷವಾಯಿತಂತೆ.

*

ಇಂಥ ಕಾಯಿ ಇಲ್ಲಿ ‘ಗುಂಟೂರು’. ಇದನ್ನೇ ಗುಂಟೂರಿಗೆ ಒಯ್ದರೆ ಸುಕ್ಕು ನೋಡಿ ‘ಬ್ಯಾಡಗಿ’ ಅನ್ನುತ್ತಾರೆ. ದರಪಟ್ಟಿಯ ಒಗಟಿನ ಒಂದು ತುದಿ ಸಿಕ್ಕಿತು. ಇನ್ನೊಂದು ತುದಿ ಹಳೆಯದು, ಅದಕ್ಕೆ ಆಮೇಲೆ ಬರುತ್ತೇನೆ.

*

ಗೋದಾಮಿನ ನೆರಳಲ್ಲಿ ಹೆಂಗಸರು ದುಂಡಗೆ ಕೂತು ತುಂಬು ಬಿಡಿಸುತ್ತಿದ್ದಾರೆ. ಕಾಯಿಯ ತೊಟ್ಟು ತೆಗೆಯುವ ಕೆಲಸ. ಎಡಗೈಯಲ್ಲಿ ಕಾಯಿ, ಬಲಗೈಯ ಹೆಬ್ಬೆರಳು, ತೋರುಬೆರಳು. ಚಟ್ ಎಂಬ ಸದ್ದು. ಕಾಯಿ ಒಂದು ಕಡೆ, ತುಂಬು ಒಂದು ಕಡೆ. ಮಾತು ನಿಲ್ಲುವುದಿಲ್ಲ, ಕೈಯೂ ನಿಲ್ಲುವುದಿಲ್ಲ. ಕೂಲಿ ಕಿಲೋ ಲೆಕ್ಕದಲ್ಲಿ.

“ಕೈ ಉರಿಯಂಗಿಲ್ಲೇನ್ರಿ ಅಕ್ಕಾರ?”

“ಕೈ ರೂಢಿ ಆಗೇತ್ರಿ ಅಣ್ಣಾರ. ಮನಿಗೆ ಹೋಗಿ ಕೂಸಿನ್ನ ಎತ್ಕೊಳ್ಳೂದ ತ್ರಾಸು. ಎಷ್ಟು ತೊಳದ್ರೂ ಅದು ಅಳತೈತಿ.”

ಪಕ್ಕದವರು ಕೊಬ್ಬರಿಎಣ್ಣೆ ಹಚ್ಚಬೇಕು ಅಂದರು, ಇನ್ನೊಬ್ಬರು ಮಜ್ಜಿಗೆ ಅಂದರು, ಅದರ ಮೇಲೆ ಅವರವರಲ್ಲೇ ವಾದ ಹತ್ತಿತು. ನನ್ನನ್ನು ಮರೆತರು.

ಮೆಣಸಿನಕಾಯಿಯ ಕುರಿತು ಬರೆದವರೆಲ್ಲ ಬಣ್ಣದ ಬಗ್ಗೆ ಬರೆದಿದ್ದಾರೆ, ಖಾರದ ಬಗ್ಗೆ ಬರೆದಿದ್ದಾರೆ. ತುಂಬಿನ ಬಗ್ಗೆ ಬರೆದವರು ಕಡಿಮೆ. ತುಂಬು ಇದ್ದ ಕಾಯಿಗೊಂದು ದರ, ಬಿಡಿಸಿದ್ದಕ್ಕೊಂದು ದರ. ನಡುವಿನ ಅಂತರದಲ್ಲಿ ಈ ಊರಿನ ಎಷ್ಟೋ ಮನೆಗಳ ಸಂತೆ ನಡೆಯುತ್ತದೆ. ತಾಲ್ಲೂಕಿನ ಹೊಲದಿಂದ ಮೆಣಸಿನಕಾಯಿ ಹೋದರೂ ತಾಲ್ಲೂಕಿನ ಕೈಯಿಂದ ಹೋಗಿಲ್ಲ.

*

ಬೆಳೆ ಹೋಯಿತು, ಪೇಟೆ ಯಾಕೆ ಹೋಗಲಿಲ್ಲ? ಕೇಳಿದವರೆಲ್ಲ ಎರಡೇ ಮಾತು ಹೇಳಿದರು: ತೂಕ ಸರಿ, ರೊಕ್ಕ ಅಂದಂದೇ. ಬೆಳಿಗ್ಗೆ ಲಾಟ್ ಹಚ್ಚಿದರೆ ಮಧ್ಯಾಹ್ನ ಟೆಂಡರ್, ಆಮೇಲೆ ತೂಕ, ಸಂಜೆಗೆ ಬಟವಾಡೆ. ಇನ್ನೊಂದು ಪೇಟೆಯಲ್ಲಿ ನೂರಿನ್ನೂರು ಹೆಚ್ಚು ಸಿಕ್ಕರೂ ದುಡ್ಡಿಗಾಗಿ ಹತ್ತು ಸಲ ಅಲೆಯುವವನಿಗೆ ಇದರ ಬೆಲೆ ಗೊತ್ತು. ಕೊಳ್ಳುವವರು ಇಲ್ಲಿದ್ದಾರೆ ಎಂದು ಮಾರುವವರು ಬರುತ್ತಾರೆ, ಮಾರುವವರು ಬರುತ್ತಾರೆಂದು ಕೊಳ್ಳುವವರು ಇಲ್ಲೇ ಇದ್ದಾರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಹುಬ್ಬಳ್ಳಿ–ಹರಿಹರ ರೈಲು ಹಳಿ ಈ ಊರ ಮೇಲೆ ಹಾದದ್ದು, ಪುಣೆ–ಬೆಂಗಳೂರು ರಸ್ತೆ ಪಕ್ಕದಲ್ಲೇ ಇರುವುದು ಮೊದಲ ನೂಕು ಕೊಟ್ಟಿರಬೇಕು. ಮುಂದಿನದು ಅದರ ಪಾಡಿಗೆ ಅದು ಉರುಳಿಕೊಂಡು ಬಂದಿದೆ.

*

ದರದ ಅಂಕಿಗಳು ಹೆಚ್ಚಾಗಿ 9ರಲ್ಲಿ ಮುಗಿಯುತ್ತವೆ. ಹನ್ನೆರಡು ಸಾವಿರದ ಒಂಬತ್ತು, ಮೂವತ್ತು ಸಾವಿರದ ಒಂಬತ್ತು, ಹೀಗೆ. ದೇವರ ಕಾಣಿಕೆಯ ಹಾಗೆ ಶುಭಸಂಖ್ಯೆಯೇ ಎಂದು ಕೇಳಿದೆ. ಮುನೀಮರ ಉತ್ತರ ಸರಳ: ಎಲ್ಲರೂ ದುಂಡು ಅಂಕಿ ಹಾಕುತ್ತಾರೆ, ಒಂಬತ್ತು ರೂಪಾಯಿ ಮೇಲೆ ಹಾಕಿದವನಿಗೆ ಮಾಲು. ಈಗ ಎಲ್ಲರೂ ಒಂಬತ್ತು ಹಾಕುತ್ತಾರಲ್ಲ ಎಂದೆ. “ಹೌದ್ರೀ, ಅದಕ್ಕ ಕೆಲವ್ರು ಹನ್ನೊಂದು ಹಾಕ್ತಾರ.”

ಇದಕ್ಕಿಂತ ದೊಡ್ಡ ಒಗಟು ಕನಿಷ್ಠ–ಗರಿಷ್ಠದ್ದು. ಒಂದೇ ದಿನ, ಒಂದೇ ಅಂಗಳ, ಒಂದೇ ಡಬ್ಬಿ. ಕನಿಷ್ಠ ದರಕ್ಕೂ ಗರಿಷ್ಠ ದರಕ್ಕೂ ಹತ್ತು ಪಟ್ಟಿಗೂ ಮೀರಿದ ಅಂತರ. ಚಿನ್ನದಲ್ಲಿ ಹೀಗಿಲ್ಲ, ಜೋಳದಲ್ಲಿ ಹೀಗಿಲ್ಲ. ಕನಿಷ್ಠ ಅಂದರೆ ಬಿಳಿಗಾಯಿ, ಮಚ್ಚೆ ಬಿದ್ದದ್ದು, ಮಳೆಗೆ ಸಿಕ್ಕಿದ್ದು. ಗರಿಷ್ಠ ಅಂದರೆ ಯಾರೋ ಒಬ್ಬರ ಮೂರ್ನಾಲ್ಕು ಚೀಲ. ಆ ಮೂರ್ನಾಲ್ಕು ಚೀಲಕ್ಕೆ ದಾಖಲೆ ಬೆಲೆ ಬಂದಾಗ ರೈತರಿಗೆ ಹಾರ ಹಾಕಿ ಫೋಟೊ ತೆಗೆಯುತ್ತಾರೆ, ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ಓದಿ ಮುಂದಿನ ವರ್ಷ ಬೀಜ ಬಿತ್ತಿದವರಿಗೆ ಸಿಗುವುದು ನಡುವಿನ ಯಾವುದೋ ದರ. ನಡುವಿನ ದರದ ಫೋಟೊ ಯಾರೂ ತೆಗೆಯುವುದಿಲ್ಲ.

*

ಇಷ್ಟೆಲ್ಲ ಆಗಿ, ಬ್ಯಾಡಗಿ ಕಾಯಿ ಖಾರವೇ ಅಲ್ಲ. ತಿಂದವರಿಗೆ ಗೊತ್ತಿರುವುದೇ. ಬಿಸಿಬೇಳೆಭಾತಿಗೂ ಮಂಗಳೂರಿನ ಮೀನು ಸಾರಿಗೂ ಬಣ್ಣಕ್ಕೆ ಇದು, ಖಾರಕ್ಕೆ ಬೇರೊಂದು. ಕೊಳ್ಳುವ ಕಂಪನಿಗಳೂ ಅದನ್ನೇ ಅಳೆಯುತ್ತವೆ. ಬಣ್ಣಕ್ಕೆ ಆಸ್ತಾ ಎಂಬ ಮಾಪನ ಇದೆ. ಒಳ್ಳೆಯ ಬ್ಯಾಡಗಿಯದು 150ರ ಆಸುಪಾಸು. ಕೇರಳದ, ಅದರಲ್ಲೂ ಕೊಚ್ಚಿ ಸುತ್ತಲಿನ ಕಾರ್ಖಾನೆಗಳು ಕಾಯಿಯನ್ನು ಪುಡಿಮಾಡಿ, ದ್ರಾವಕದಲ್ಲಿ ಬಣ್ಣ ಹಿಂಡಿ, ಓಲಿಯೊರೆಸಿನ್ ಎಂಬ ಗಟ್ಟಿ ಎಣ್ಣೆ ಮಾಡುತ್ತವೆ. ಸಾಸ್, ಚಿಪ್ಸ್, ಮಾಂಸದ ತಿನಿಸುಗಳಿಗೆ ಅದು ಹೋಗುತ್ತದೆ. ಯುರೋಪಿನ ಪೊಟ್ಟಣಗಳ ಮೇಲೆ ಇ160ಸಿ ಎಂದು ಬರೆದಿದ್ದರೆ ಅದು ಇದೇ ಜಾತಿಯ ಬಣ್ಣ. ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ ಎಂಬುದು ಬ್ಯಾಡಗಿಯಲ್ಲಿ ಆಟೋದವರೂ ಹೇಳುವ ಮಾತು. ಹೇಳುವಾಗ ಎಲ್ಲರ ಮುಖದಲ್ಲೂ ಒಂದು ಸಣ್ಣ ನಗೆ.

ಖಾರಕ್ಕೆ ಹೆಸರಾದ ಊರು ಬದುಕುತ್ತಿರುವುದು ಖಾರ ಇಲ್ಲದಿರುವುದರ ಮೇಲೆ.

*

ಈಗ ಒಗಟಿನ ಆ ಹಳೆಯ ತುದಿ. ಜಿಲ್ಲಾಕೇಂದ್ರ ಹಾವೇರಿ ‘ಏಲಕ್ಕಿ ಕಂಪಿನ ನಾಡು’. 2023ರ ಜನವರಿಯಲ್ಲಿ ಅಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಂದ ಗಣ್ಯರ ಕೊರಳಿಗೆಲ್ಲ ಏಲಕ್ಕಿ ಮಾಲೆ. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಘಟ್ಟದ ಏಲಕ್ಕಿ ಇಲ್ಲಿಗೆ ಬರುತ್ತಿತ್ತು. ಇಲ್ಲಿನ ಬಾವಿನೀರಲ್ಲಿ ತೊಳೆದು ಬಿಳುಪು ಮಾಡುತ್ತಿದ್ದರು. ಇಲ್ಲಿಂದ ಹೆಸರು ಹೊತ್ತು ಹೋಗುತ್ತಿತ್ತು.

ಇನ್ನೂ ಹಿಂದಕ್ಕೆ ಹೋದರೆ ಹತ್ತಿ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಬೆನ್ನೇರಿ, ಗಾಡಿ ಏರಿ, ಘಟ್ಟ ಇಳಿದು ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಮುಂಬಯಿ, ಲಿವರ್‌ಪೂಲ್ ಪೇಟೆಗಳಲ್ಲಿ ಅದರ ಹೆಸರು ಕುಮಟಾ ಹತ್ತಿ. ಕುಮಟೆಯಲ್ಲಿ ಇರುವುದು ತೆಂಗು, ಭತ್ತ, ಮೀನು. ಹತ್ತಿಯ ಹೊಲ ಎಲ್ಲಿಂದ ಬರಬೇಕು?

ಈ ಸೀಮೆಯಲ್ಲಿ ಸರಕಿಗೆ ಹೆಸರಿಡುತ್ತಿದ್ದದ್ದು ಬೆಳೆದ ಹೊಲ ಅಲ್ಲ, ಇಳಿಸಿದ ಕಟ್ಟೆ. ಬ್ಯಾಡಗಿ ಕಾಯಿಯೂ ಬಹುಶಃ ಆ ಸಾಲಿನದೇ. ಆದರೆ 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು, ಆ ಕಾನೂನು ಹೆಸರಿಗೂ ನೆಲಕ್ಕೂ ಗಂಟು ಹಾಕುತ್ತದೆ. ಮಣ್ಣು, ಹವೆ, ಬೆಳೆಯುವ ರೀತಿ ಇವೇ ಕಾಯಿಗೆ ಗುಣ ಕೊಟ್ಟವು ಎನ್ನುತ್ತದೆ. ಕುಂದಗೋಳದ ಎರೆ ಹೊಲದ ಮಟ್ಟಿಗೆ ಅದು ನಿಜವೇ. ಪೇಟೆಯ ಅಂಗಳದಲ್ಲಿ ಮಾತ್ರ ತೋಳು ಇಳಿಸಿ ಹಿಡಿ ತೆಗೆಯುವವರು ಯಾವ ಮಣ್ಣಿನದು ಎಂದು ಯಾರನ್ನೂ ಕೇಳಲಿಲ್ಲ.

*

ತಾಲ್ಲೂಕು ಎಂಬ ಗೆರೆಯ ಬಗ್ಗೆ. 1956ರವರೆಗೆ ಇದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. 1997ರಿಂದ ಹಾವೇರಿ ಜಿಲ್ಲೆ. ದೇವರುಗಳು ಇದನ್ನು ಲೆಕ್ಕಕ್ಕೆ ಇಟ್ಟ ಹಾಗಿಲ್ಲ. ಈ ತಾಲ್ಲೂಕಿನ ಕದರಮಂಡಲಗಿಯ ಕಾಂತೇಶ, ಹಿರೇಕೆರೂರು ಸೀಮೆಯ ಸಾತೇನಹಳ್ಳಿಯ ಶಾಂತೇಶ, ಶಿವಮೊಗ್ಗ ಜಿಲ್ಲೆ ಶಿಕಾರಿಪುರದ ಭ್ರಾಂತೇಶ, ಮೂವರು ಹನುಮಪ್ಪಗಳನ್ನೂ ಒಂದೇ ದಿನ ಹೊತ್ತು ಮುಳುಗುವುದರೊಳಗೆ ನೋಡಿದರೆ ಕಾಶಿಗೆ ಹೋದ ಫಲ ಎಂಬ ನಂಬಿಕೆ. ಮೊದಲು ನಡೆದು ಹೇಗೆ ಮುಗಿಸುತ್ತಿದ್ದರೋ. ಈಗ ಶನಿವಾರ ಟೆಂಪೋ ಟ್ರಾವೆಲರ್ ಮಾಡಿಕೊಂಡು ಊಟಕ್ಕೆ ಮನೆಗೆ ಬಂದುಬಿಡುತ್ತಾರೆ.

*

ಕನಕದಾಸರ ಕಾಗಿನೆಲೆಯೂ ಇದೇ ತಾಲ್ಲೂಕು. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ಯಾರು ಹೆಚ್ಚು ಎಂದು ಜಗಳ, ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ, ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ಇವತ್ತು ಕಾಗಿನೆಲೆ ರಸ್ತೆಯ ಹೊಲಗಳಲ್ಲಿ ಗೆದ್ದಿರುವುದು ಗೋವಿನಜೋಳ, ಪೇಟೆಯಲ್ಲಿ ಗೆದ್ದಿರುವುದು ಮೆಣಸಿನಕಾಯಿ. ಎರಡೂ ಅಮೆರಿಕ ಖಂಡದಿಂದ ಬಂದವು. ಆ ವ್ಯಾಜ್ಯದಲ್ಲಿ ಇವೆರಡೂ ಕಕ್ಷಿದಾರರೇ ಅಲ್ಲ.

ಕೋಲ್ಡ್ ಸ್ಟೋರೇಜ್ ನೋಡಿದಾಗ ರಾಮನ ತೀರ್ಪು ಮತ್ತೆ ನೆನಪಾಯಿತು. ಇಲ್ಲಿ ಕಾಯಿಯನ್ನು ಕತ್ತಲೆಯಲ್ಲಿ, ತಂಪಿನಲ್ಲಿ ತಿಂಗಳುಗಟ್ಟಲೆ ಇಡುವುದು ಬಣ್ಣ ಕೆಡದಿರಲಿ ಎಂದೇ.

*

ಮೋಟೆಬೆನ್ನೂರು ಮೈಲಾರ ಮಹದೇವಪ್ಪನವರ ಊರು. 1911ರಲ್ಲಿ ಹುಟ್ಟಿದವರು, 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ ಕನ್ನಡಿಗರು ಅವರೊಬ್ಬರೇ. ಆಗ ವಯಸ್ಸು ಹದಿನೆಂಟು. ಕಂದಾಯದ ಹಣ ಇಟ್ಟ ಜಾಗಕ್ಕೆ ನುಗ್ಗಿ ಅದನ್ನು ಜನರಿಗೇ ಮರಳಿಸಲು ಹೋಗಿ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಿದ್ದರು. ಉಪ್ಪಿಗಾಗಿ ಅಷ್ಟು ದೂರ ನಡೆದವರ ಊರಿನ ಮಗ್ಗುಲಲ್ಲೇ ಖಾರದ ಪೇಟೆ. ಇದಕ್ಕೆ ಅರ್ಥ ಹುಡುಕಬಾರದು; ನಕ್ಷೆಯಲ್ಲಿ ಹಾಗಿದೆ, ಅಷ್ಟೇ.

*

2024ರ ಮಾರ್ಚ್ 11, ಸೋಮವಾರ. ದರ ದಿಢೀರ್ ಕುಸಿಯಿತೆಂದು ರೈತರು ಸಿಟ್ಟಿಗೆದ್ದರು. ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು, ಆರಿಸಲು ಬಂದ ಅಗ್ನಿಶಾಮಕ ವಾಹನವೂ ಸುಟ್ಟಿತು. ರೊಕ್ಕ ಅಂದಂದೇ ಎಂಬ ನಂಬಿಕೆಯ ಅಂಗಳದಲ್ಲೇ ಇದು ನಡೆಯಿತು ಎಂಬುದೇ ನನಗೆ ಬಿಡಿಸಲು ಬಾರದ ಗಂಟು. ಒಬ್ಬ ದಲಾಲರು ಹೇಳಿದ ವಿವರಣೆ ಹೀಗಿದೆ: ಮಾಲು ಅತಿಯಾಗಿ ಬಂದಿತ್ತು, ಕಾಯಿಯಲ್ಲಿ ಹಸಿ ಇತ್ತು, ಹಳೆಯ ಮಾಲು ಕೋಲ್ಡ್ ಸ್ಟೋರೇಜಿನಲ್ಲಿ ತುಂಬಿತ್ತು. ಇರಬಹುದು. ಆದರೆ ಹಿಂದಿನ ಗುರುವಾರದ ದರ ಕೇಳಿ ಲಾರಿ ಬಾಡಿಗೆ ಮಾಡಿಕೊಂಡು ರಾತ್ರಿಯಿಡೀ ಬಂದವನಿಗೆ, ಟೆಂಡರ್ ಪರದೆಯ ಮೇಲೆ ಮೂಡಿದ ಅಂಕಿಯನ್ನು ಹಾಕಿದವರು ಯಾರು ಎಂದು ಮುಖ ನೋಡಿ ಕೇಳಲು ಸಾಧ್ಯವಿಲ್ಲ. ಕೂಗಿ ಹರಾಜು ಮಾಡುವಲ್ಲಿ ಜಗಳಕ್ಕೆ ಒಬ್ಬ ಎದುರಾಳಿಯಾದರೂ ಇರುತ್ತಾನೆ. ಟೆಂಡರಿನಲ್ಲಿ ಉಳಿಯುವುದು ಕಚೇರಿಯ ಗೋಡೆ. ಬೆಂಕಿಯನ್ನು ಇದರಿಂದ ಸಮರ್ಥಿಸಿದಂತೆ ಆಗುವುದಿಲ್ಲ; ಕಲ್ಲು ಕಚೇರಿಯ ಕಡೆಗೇ ಯಾಕೆ ತಿರುಗಿತು ಎಂಬುದು ಮಾತ್ರ ಅರ್ಥವಾಗುತ್ತದೆ.

*

ದರ ಸರಿ ಬಾರದಿದ್ದರೆ ಕೊಡಬೇಡ, ತಿರುಗಿ ಒಯ್ಯಿ ಎನ್ನುವುದು ಪುಸ್ತಕದ ಮಾತು. ಬಳ್ಳಾರಿ ಸೀಮೆಯಿಂದ ಬಂದಿದ್ದ ಒಬ್ಬ ರೈತರು, ಚೀಲಗಳ ಮೇಲೆಯೇ ಕಂಬಳಿ ಹಾಸಿ ಒರಗಿದ್ದವರು, ನನಗೆ ಲೆಕ್ಕ ಬಿಡಿಸಿ ಹೇಳಿದರು. ಲಾರಿ ನಾಲ್ಕು ಮಂದಿ ಕೂಡಿ ಮಾಡಿದ್ದು. ಮೂವರು ಮಾರಿದರೆ ನಾಲ್ಕನೆಯವನು ಒಬ್ಬನೇ ಹೊತ್ತು ತಿರುಗಲಾರ. ಬಿತ್ತುವಾಗ ದಲಾಲರ ಹತ್ತಿರ ಮುಂಗಡ ತಂದದ್ದಿದೆ. ಅವರು ಒತ್ತಾಯ ಮಾಡಲಿಕ್ಕಿಲ್ಲ, ಆದರೆ ಮುಂದಿನ ಮುಂಗಾರಿಗೆ ಮತ್ತೆ ಅವರ ಬಾಗಿಲಿಗೇ ಬರಬೇಕು. ಕೋಲ್ಡ್ ಸ್ಟೋರೇಜಿಗೆ ಹಾಕಿದರೆ ಚೀಲಕ್ಕಿಷ್ಟು ಎಂದು ಬಾಡಿಗೆ.

“ಹಂಗಾದ್ರ ಏನ್ ಮಾಡ್ತೀರಿ?”

“ಅರ್ಧ ಮಾರ್ತೀನ್ರಿ, ಅರ್ಧ ಒಳಗ ಇಡ್ತೀನಿ.”

“ಚಲೋದನ್ನ ಇಟ್ಟು ಹಗುರದ್ದು ಮಾರ್ತೀರೇನು?”

“ಹಗುರದ್ದಕ್ಕ ಇವತ್ತ ದರ ಎಲ್ಲೈತ್ರಿ? ಚಲೋದ ಮಾರೂದು.” ಅವರು ಬೀಡಿ ತೆಗೆದರು, ಘಾಟಿನಲ್ಲಿ ಹಚ್ಚಲಾರದೆ ಮತ್ತೆ ಜೇಬಿಗೆ ಇಟ್ಟರು. ಬಣ್ಣ ಉಳಿಸಲು ಕಟ್ಟಿದ ಕೋಣೆಗೆ ಬಣ್ಣ ಕಡಿಮೆ ಇದ್ದ ಕಾಯಿಯೇ ಹೋಗುತ್ತದೆ ಅಂದಂತಾಯಿತು.

ಚೀಲದ ಬಾಯಿಂದ ಒಂದು ಕಾಯಿ ಎತ್ತಿಕೊಂಡೆ. ಸುಕ್ಕಿತ್ತು, ಉದ್ದವಿತ್ತು, ಆದರೆ ಸಿಪ್ಪೆಯ ಅಂಚು ಒಂದಿಷ್ಟು ನುಣುಪು. “ಇದು ಯಾವ ಕಾಯಿ ಅಂತೀರಿ? ಬ್ಯಾಡಗಿಯೋ ಗುಂಟೂರೋ?”

“ಬೀಜ ಪಾಕೀಟಿಂದು, ನೀರು ತುಂಗಭದ್ರಾದ್ದು,” ಅಂದರು. “ಹೆಸರು ಟೆಂಡರ್ ಬಿದ್ದ ಮ್ಯಾಲೆ ಗೊತ್ತಾಗ್ತದ್ರೀ.”